ಎಂಟು ಪ್ಯಾಕೆಟ್ ನೀರು

2019ರ ನವೆಂಬರ್ 24, ಭಾನುವಾರ, ಬೆಳಗ್ಗೆ 5 ಗಂಟೆ 40 ನಿಮಿಷಕ್ಕೆ ಎವರಿಸ್ತೊ ಪೂಟ್ ಮೇಷ್ಟ್ರು ಮೀನು ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತರು. ಮುಳ್ಳು ಒಮ್ಮೆ ಬೆಚ್ಚಿಬಿದ್ದು, ಹಿಂದೆ ಮುಂದೆ ತೂಗಾಡಿ, ಎಪ್ಪತ್ತೆರಡು ಕಿಲೋ ನಾನೂರು ಗ್ರಾಂಗೆ ಬಂದು ನಿಂತಿತು.

"ಎಪ್ಪತ್ತೆರಡು ನಾನೂರು!" ಎಂದು ತಕ್ಕಡಿಯ ಒಡೆಯ ಎರ್ಮಿಲೊ ಹರಾಜು ಕೂಗುವವನಂತೆ ಕೂಗಿದ. "ಮೀನಾಗಿದ್ರೆ ಇಷ್ಟೊತ್ತಿಗೆ ಹೋಟೆಲಿನವ್ರು ಕಿತ್ತಾಡ್ತಿದ್ರು. ಮೇಷ್ಟ್ರಲ್ವಾ, ಅದಕ್ಕೇ ಯಾರೂ ಕೇಳ್ತಿಲ್ಲ. ಇಳೀರಿ ಸ್ವಾಮಿ, ಮುಂದಿನವ್ರು ಬರ್ಲಿ."

ಎರ್ಮಿಲೊ ಕೋಸುಮೆಲ್ ದ್ವೀಪದ ಮೀನುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ತೂಕ ಹಾಕುವವನು. ಅವನು ತೂಗಿದ ಮೀನು ತಕ್ಕಡಿಯ ಮೇಲೆ ಕೊಬ್ಬಿರುತ್ತದೆ, ಮನೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಮನುಷ್ಯ ಮಾತ್ರ ಬಂಗಾರ. ಮೇಷ್ಟ್ರ ಮಗಳ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಎರಡನೇ ತಂದೆಯಾಗಿ ಮಗುವನ್ನು ಎತ್ತಿ ಹಿಡಿದು ನಿಂತವನು ಅವನೇ. ಅವತ್ತಿನಿಂದ ಮೇಷ್ಟ್ರ ಕಷ್ಟವೆಲ್ಲ ತನ್ನ ಕಷ್ಟವೆಂದೇ ತಿಳಿದಿದ್ದ.

ಈಜು, ಸೈಕಲ್ಲು, ಓಟ ಮೂರೂ ಸೇರಿದ ಟ್ರಯಥ್ಲಾನಿನ ವೈದ್ಯೆ ಮಾರಿಬೆಲ್ ಕಾಂಚೆ ಮೇಷ್ಟ್ರ ಮುಂಗೈ ಹಿಡಿದು, ಅಳಿಸದ ಶಾಯಿಯಲ್ಲಿ 72.4 ಎಂದು ದಪ್ಪಗೆ ಬರೆದಳು. ಹದಿನೈದು ವರ್ಷದ ಹಿಂದೆ ಅವಳಿಗೆ ಭೌತಶಾಸ್ತ್ರ ಕಲಿಸಿದವರು ಇದೇ ಮೇಷ್ಟ್ರು. ಆಗ ಮುಂಗೈ ಹಿಡಿದು ತಿದ್ದಿಸುತ್ತಿದ್ದವರು ಅವರು.

"ಈ ಸಲ ಒಂದು ಹೊಸ ನಿಯಮ," ಎಂದು ಅವಳು ಧ್ವನಿವರ್ಧಕ ಎತ್ತಿಕೊಂಡಳು. "ಓಟದಲ್ಲಿ ಎರಡನೇ ಸುತ್ತು ಮುಗಿದ ತಕ್ಷಣ ಎಲ್ರೂ ಮತ್ತೆ ಈ ತಕ್ಕಡಿ ಹತ್ಬೇಕು. ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ತೂಕ ಇಳಿದಿದ್ರೆ ಮೈಯಲ್ಲಿ ನೀರು ಸಾಲ್ದು ಅಂತ ಅರ್ಥ. ಮೂರನೇ ಸುತ್ತಿಗೆ ಬಿಡಲ್ಲ. ಸೀದಾ ಆಂಬುಲೆನ್ಸು. ಈ ನಿಯಮ ಯಾಕೆ ಬಂತು ಅಂತ ನಿಮ್ಗೆಲ್ಲ ಗೊತ್ತಿದೆ."

ಕಡಲದಂಡೆಯಲ್ಲಿ ನಿಂತಿದ್ದವರೆಲ್ಲ ಒಟ್ಟಾಗಿ ಮೇಷ್ಟ್ರ ಕಡೆ ತಿರುಗಿದರು.

ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಮೇಷ್ಟ್ರು ಇದೇ ಸ್ಪರ್ಧೆಯಲ್ಲಿ ಬೀದಿದೀಪದ ಕಂಬವನ್ನು ಅಪ್ಪಿಕೊಂಡು ಕುಸಿದಿದ್ದರು. ಕಳೆದ ವರ್ಷ ಕಾಂದೆಲಾರಿಯಾ ಅಜ್ಜಿಯ ಮನೆಮುಂದಿನ ಹೂಕುಂಡಗಳ ಮೇಲೆಯೇ ಬಿದ್ದರು. ನಾಲಿಗೆ ಮರದ ಚಮಚೆಯಂತಾಗಿತ್ತು, ತುಟಿ ಬಿರಿದಿತ್ತು, ಮೈಮೇಲೆ ಉಪ್ಪು ಹರಳುಗಟ್ಟಿತ್ತು. ಅಜ್ಜಿ ಬಾಗಿಲು ತೆಗೆದು ನೋಡಿ, "ಯಾರೋ ಒಣಮೀನು ಎಸೆದು ಹೋಗಿದ್ದಾರೆ" ಎಂದಿದ್ದಳು. ಅಲ್ಲಿಂದ ಶಾಲೆಯ ಮಕ್ಕಳೂ ಅವರನ್ನು ಬೆನ್ನ ಹಿಂದೆ ಒಣಮೀನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಹೆಸರಿನ ಚಿಂತೆ ಮೇಷ್ಟ್ರಿಗಿರಲಿಲ್ಲ. ಚಿಂತೆ ಇದ್ದದ್ದು ಸೈಕಲ್ಲಿನದು.

ಆ ಸೈಕಲ್ಲು ಅವರ ನಡುಮನೆಯಲ್ಲಿ ಜೋಲಿ ಕಟ್ಟುವ ಕೊಕ್ಕೆಯಿಂದ ತೂಗುತ್ತಿತ್ತು. ಮನೆಯಲ್ಲಿ ಮಲಗುವವರೆಲ್ಲ ಜೋಲಿಯಲ್ಲೇ ಮಲಗುವುದರಿಂದ ಕೊಕ್ಕೆಯೊಂದಕ್ಕೆ ಒಂದು ಹಾಸಿಗೆಯ ಬೆಲೆ. ಆ ಕೊಕ್ಕೆ ಮೇಷ್ಟ್ರ ಅತ್ತೆಯದು. ಸೈಕಲ್ಲು ಬಂದ ಮೂರು ವರ್ಷದಿಂದ ಅತ್ತೆ ಮಗಳ ಮನೆಗೆ ಬಂದರೆ ಮಲಗಲು ಜಾಗವಿಲ್ಲದೆ ಅದೇ ಸಂಜೆಯ ದೋಣಿಗೆ ವಾಪಸ್ಸು ಹೋಗುತ್ತಿದ್ದರು. ಹೆಂಡತಿ ನಿದಿಯಾ ಎರಡು ಸಲ ಆಂಬುಲೆನ್ಸಿನ ಹಿಂದೆ ಓಡಿದ ಮೇಲೆ ಖಡಾಖಂಡಿತವಾಗಿ ಹೇಳಿದ್ದಳು:

"ಈ ಸಲ ನಿಮ್ಮ ಕಾಲ ಮೇಲೆ ನೀವೇ ನಡ್ಕೊಂಡು ಗೆರೆ ದಾಟಿದ್ರೆ ಸೈಕಲ್ಲು ಅಲ್ಲೇ ಇರ್ಲಿ. ಆಂಬುಲೆನ್ಸಲ್ಲಿ ಬಂದ್ರೆ ಅದು ನನ್ನ ತಮ್ಮಂಗೆ, ಕೊಕ್ಕೆ ನಮ್ಮಮ್ಮಂಗೆ."

ತಮ್ಮ ರುಪೆರ್ತೊ ಗರಿಗರಿ ದೋಸೆಯಂಥ ಹಾಳೆಯೊಳಗೆ ಚೀಸು ತುರಿದು ಸುರುಳಿ ಸುತ್ತಿ ಮಾರುವವನು. ತನ್ನ ತಳ್ಳುಗಾಡಿಗೆ ಮುಂದೊಂದು ಒಳ್ಳೆಯ ಸೈಕಲ್ಲು ಸಿಕ್ಕಿಸಿಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಅಂದು ಬೆಳಗ್ಗೆ ಅವನೂ ದಂಡೆಗೆ ಬಂದಿದ್ದ. ಜೇಬಿನಿಂದ ಅಳತೆಪಟ್ಟಿಯ ತುದಿ ಇಣುಕುತ್ತಿತ್ತು.

"ಏನಯ್ಯಾ ಅದು?" ಎಂದರು ಮೇಷ್ಟ್ರು.

"ಏನಿಲ್ಲ ಭಾವ, ಸುಮ್ನೆ. ಹಿಂದಿನ ಚಕ್ರದ ಅಗಲ ಎಷ್ಟು ಅಂತ ಒಂದು ಕುತೂಹಲ."

ಕುತೂಹಲವೆಂಬುದು ಮೇಷ್ಟ್ರ ಮನೆಯ ಸ್ವತ್ತಾಗಿತ್ತು. ಎರಡು ಸೋಲಿನ ನಂತರ ಬೇರೆಯವರಾಗಿದ್ದರೆ ದೇವರಿಗೆ ಹರಕೆ ಹೊರುತ್ತಿದ್ದರು. ಇವರು ಪ್ರಯೋಗ ಮಾಡಿದರು. ಮನುಷ್ಯನ ಮೈಯಿಂದ ಒಂದು ಗಂಟೆಗೆ ಎಷ್ಟು ಬೆವರು ಹೋಗುತ್ತದೆ? ಓಡುವ ಮೊದಲು ಬರಿಮೈಯಲ್ಲಿ ತೂಗು, ಒಂದು ಗಂಟೆ ಓಡು, ಒರೆಸಿಕೊಂಡು ಮತ್ತೆ ಬರಿಮೈಯಲ್ಲಿ ತೂಗು. ಕಳೆದುಹೋದ ಒಂದೊಂದು ಕಿಲೋಗೂ ಒಂದೊಂದು ಲೀಟರ್ ಬೆವರು. ಇಷ್ಟೇ ಸರಳ. ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ಎರ್ಮಿಲೊನ ತಕ್ಕಡಿಯನ್ನು ಹಿತ್ತಲಿಗೆ ತರಿಸಿ ಅವರು ಈ ಪ್ರಯೋಗವನ್ನು ಐದು ಭಾನುವಾರ ಮಾಡಿದರು. ಮೂರನೆಯ ಭಾನುವಾರ ಪಕ್ಕದ ಮಾಳಿಗೆಯಿಂದ ಕಾಂದೆಲಾರಿಯಾ ಅಜ್ಜಿಯ ಧ್ವನಿ ಬಂತು:

"ಮೇಷ್ಟ್ರೇ, ವಿಜ್ಞಾನ ಮಾಡೋದು ಮಾಡಿ, ಒಂದು ಟವಲ್ಲಾದ್ರೂ ಕಟ್ಕೊಂಡು ಮಾಡಿ. ನಾನು ಬಟ್ಟೆ ಒಣಗ್ಸೋಕೆ ಬಂದಿದ್ದೀನಿ, ಪಾಠ ಕೇಳೋಕಲ್ಲ."

"ಟವಲ್ಲಿಗೂ ತೂಕ ಇರತ್ತಮ್ಮ!" ಎಂದು ಮೇಷ್ಟ್ರು ತಕ್ಕಡಿಯ ಹಿಂದೆ ಕುಕ್ಕರಿಸಿ ಕೂಗಿದ್ದರು.

ಐದು ಭಾನುವಾರದ ಉತ್ತರವೂ ಒಂದೇ ಬಂತು: ಗಂಟೆಗೆ ಒಂದೂಕಾಲು ಲೀಟರ್ ಬೆವರು. ಹೊಟ್ಟೆ ತಡೆದುಕೊಂಡದ್ದು ಗಂಟೆಗೆ ಏಳುನೂರು ಮಿಲಿಲೀಟರ್ ನೀರು, ಅದೂ ಚಿಟಿಕೆ ಉಪ್ಪು ಸೇರಿಸಿದರೆ. ಅಷ್ಟು ಕುಡಿದರೆ ಬೀಳುವುದಿಲ್ಲ ಎಂಬುದೂ ಪ್ರಯೋಗದಿಂದ ಗೊತ್ತಾಗಿತ್ತು. ಮೇಷ್ಟ್ರು ಧೈರ್ಯವಾಗಿದ್ದರು, ತಕ್ಕಡಿಯ ನಿಯಮ ಕೇಳುವವರೆಗೆ.

ಈಗ ದಂಡೆಯ ಮೇಲೆ ನಿಂತು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಐದೂವರೆ ಗಂಟೆ ಕಳೆದಿರುತ್ತದೆ. ಗಂಟೆಗೆ ಒಂದೂಕಾಲು ಹೋಗುತ್ತದೆ, ಏಳುನೂರು ಬರುತ್ತದೆ. ಅಂದರೆ ಒಟ್ಟು ಮೂರು ಕಿಲೋ ನಷ್ಟ. ಮಾರಿಬೆಲ್ ಬಿಡುವುದು ಎರಡು ಕಿಲೋ ಇನ್ನೂರು ಗ್ರಾಂವರೆಗೆ. ಅಂದರೆ ಸಮುದ್ರಕ್ಕೆ ಕಾಲಿಡುವ ಮೊದಲೇ, ಗಣಿತದ ಪ್ರಕಾರ, ತಾವು ಆಂಬುಲೆನ್ಸಿನಲ್ಲಿ ಮಲಗಿಯಾಗಿದೆ! ಮಾರಿಬೆಲ್ ಅಷ್ಟರಲ್ಲಿ ನಿಯಮದ ಎರಡನೇ ಭಾಗವನ್ನೂ ಹೇಳಿ ಮುಗಿಸಿದ್ದಳು. ಗುಣಾಕಾರದಲ್ಲಿ ಮುಳುಗಿದ್ದ ಮೇಷ್ಟ್ರ ಕಿವಿಗೆ ಅದು ಬೀಳಲೇ ಇಲ್ಲ.

ಈಜು ಹೇಗೋ ಮುಗಿಯಿತು. ಹಿಂದಿನ ರಾತ್ರಿಯೇ ಉತ್ತರದ ಗಾಳಿ ಎದ್ದಿತ್ತು. ಕಡಲು ಬೂದುಬಣ್ಣಕ್ಕೆ ತಿರುಗಿ ಮುನಿಸಿಕೊಂಡ ಅತ್ತೆಯಂತೆ ಉಬ್ಬಿತ್ತು. ಮೋಡ ಕವಿದು ಸೂರ್ಯನ ಸುಳಿವೇ ಇರಲಿಲ್ಲ. ಸೈಕಲ್ ಹಾದಿಯಲ್ಲಿ ಎದುರುಗಾಳಿ ಎದೆಗೆ ಕೈಯೊಡ್ಡಿ ತಳ್ಳಿತು. ಮೇಷ್ಟ್ರು ಅದನ್ನು ಬೈದುಕೊಳ್ಳುತ್ತ ತುಳಿದರು. ಕಾಲು ಗಂಟೆಗೊಮ್ಮೆ ಗಡಿಯಾರ ಕುಂಯ್ ಅಂದಾಗ ಬಾಟಲಿಯಿಂದ ಅಳೆದಷ್ಟೇ ಗುಟುಕು ಹೀರಿದರು. ಬಾಯಾರಿಕೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಓಟ ಮೂರು ಸುತ್ತಿನದು. ಪ್ರತಿ ಸುತ್ತೂ ಅವರ ಬೀದಿಯ ಮೂಲಕವೇ ಹಾಯುತ್ತಿತ್ತು. ಮೊದಲ ಸುತ್ತಿನಲ್ಲೇ ಕಾಂದೆಲಾರಿಯಾ ಅಜ್ಜಿ ಬಾಗಿಲಲ್ಲಿ ದೊಡ್ಡ ಲೋಟ ಹಿಡಿದು ನಿಂತಿದ್ದಳು. ಹೂಕುಂಡಗಳನ್ನು ಮುನ್ನೆಚ್ಚರಿಕೆಯಾಗಿ ಒಳಗಿಟ್ಟಿದ್ದಳು.

"ತಗೊಳ್ಳಿ. ಪುಂಡಿಹೂವಿನ ಪಾನಕ. ಬೆಳಗ್ಗೆನೇ ಕುದಿಸಿ ಮಂಜುಗಡ್ಡೆ ಹಾಕಿಟ್ಟಿದ್ದೀನಿ."

"ಅಜ್ಜಿ, ನನ್ನದು ಅಳತೆ ಪ್ರಕಾರ..."

"ನನ್ನ ಕುಂಡಗಳ ಮೇಲೆ ಬಿದ್ರಲ್ಲ, ಅದೂ ಅಳತೆ ಪ್ರಕಾರವೇನು? ಕುಡೀರಿ."

ಹೊರಗಿನವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ಸ್ಪರ್ಧೆಯ ನಿಯಮವಿತ್ತು. ಅದನ್ನು ಅಜ್ಜಿಗೆ ಹೇಳುವ ಧೈರ್ಯ ಸಂಘಟಕರಿಗೂ ಇರಲಿಲ್ಲ. ಬಾಗಿಲಿಂದ ಚಾಚಿದ ಲೋಟವನ್ನು ಬೇಡವೆಂದವನ ಮನೆಯಲ್ಲಿ ಸಾವಾದರೆ ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ಜಪಕ್ಕೆ ಬೀದಿಯವರಿಂದ ಒಂದು ಕುರ್ಚಿಯೂ ತುಂಬುವುದಿಲ್ಲ. ಮೇಷ್ಟ್ರು ಕುಡಿದರು. ಎರಡನೇ ಸುತ್ತಿನಲ್ಲಿ ಲೋಟ ಇನ್ನಷ್ಟು ದೊಡ್ಡದಾಗಿತ್ತು. ಅದನ್ನೂ ಕುಡಿದರು. ಪಾನಕವನ್ನು ಲೆಕ್ಕಕ್ಕೆ ಸೇರಿಸಬೇಕೆಂದು ತೋರಲಿಲ್ಲ. ಅದು ನೆರೆಹೊರೆಯ ವಿಷಯ, ಬೆವರಿನ ವಿಷಯವಲ್ಲ.

ಎರಡನೇ ಸುತ್ತಿನ ಕೊನೆಯಲ್ಲಿ, ತಕ್ಕಡಿಗೆ ಅರ್ಧ ಕಿಲೋಮೀಟರ್ ಹಿಂದೆ, ಚರ್ಚಿನ ಹೆಂಗಸರು ನೀರು ಹಂಚುತ್ತಿದ್ದರು. ಇಲ್ಲಿ ಸ್ಪರ್ಧೆಯ ನೀರು ಬರುವುದು ಅಂಗೈಯಗಲದ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ಮೂಲೆ ಕಚ್ಚಿ ಹೀರಿಕೊಂಡು ಓಡಬೇಕು. ಒಬ್ಬಾಕೆ ಎಸೆದ ಪ್ಯಾಕೆಟ್ಟನ್ನು ಹಿಡಿದ ಮೇಷ್ಟ್ರು ಕಚ್ಚಲು ಬಾಯಿಗೆ ತಂದರು, ತಟ್ಟನೆ ನಿಂತರು. ಪ್ಯಾಕೆಟ್ಟಿನ ಮೇಲೆ 250 ಮಿಲಿಲೀಟರ್ ಎಂದು ಅಚ್ಚಾಗಿತ್ತು.

ಇನ್ನೂರೈವತ್ತು ಮಿಲಿಲೀಟರ್ ಎಂದರೆ ಕಾಲು ಕಿಲೋ.

ಮೇಷ್ಟ್ರು ಜೀವಮಾನದಲ್ಲಿ ಮೋಸ ಮಾಡಿದವರಲ್ಲ. ನಡುಮನೆಯ ಕೊಕ್ಕೆಯಲ್ಲಿ ಅತ್ತೆಯ ಜೋಲಿ ತೂಗುವುದು ಕಣ್ಣಿಗೆ ಕಟ್ಟಿತು. ಅದರೊಳಗಿಂದ ಅತ್ತೆ ಎದ್ದು ಕುಳಿತು ಉಪ್ಪು ಕಡಿಮೆ ಎನ್ನುವುದೂ ಕೇಳಿಸಿತು. ಬೆಳಗ್ಗೆ ತೂಗಿಸಿಕೊಂಡಾಗ ಹಾಕಿದ್ದ ಅದೇ ದೊಗಳೆ ಓಟದ ಅಂಗಿ ಈಗಲೂ ಮೈಮೇಲಿತ್ತು, ಅದರೊಳಗೆ ಬಿಗಿಯಾದ ಈಜುಡುಪು. ಎರಡರ ನಡುವೆ ಎಷ್ಟು ಪ್ಯಾಕೆಟ್ ಹಿಡಿಸೀತು? ನಾಲ್ಕು ಸಾಕು. ಆದರೆ ಯಾವ ಅಳತೆಯಲ್ಲೂ ಒಂದಿಷ್ಟು ತಪ್ಪಿಗೆ ಜಾಗ ಬಿಡಬೇಕೆಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದವರು ಅವರು. ಎಂಟಾದರೆ ಎರಡು ಕಿಲೋ. ಆಗ ತೂಕ ಎಪ್ಪತ್ತೊಂದು ನಾನೂರು. ಒಂದು ಕಿಲೋ ಇಳಿದಂತೆ ಕಾಣುತ್ತದೆ. ಯಾರಿಗೂ ಅನುಮಾನ ಬರದು.

"ಇನ್ನೊಂದು ಕೊಡ್ತೀರಾ? ಇನ್ನೊಂದು? ಹಿಂದೆ ಒಬ್ಬ ಸ್ನೇಹಿತ ಬರ್ತಿದ್ದಾನೆ, ಅವ್ನಿಗೆ. ಅವ್ನಿಗೂ ಒಬ್ಬ ಸ್ನೇಹಿತ..."

"ತಗೊಳ್ಳಿ ಮೇಷ್ಟ್ರೇ, ತಗೊಳ್ಳಿ!" ಹೆಂಗಸರಿಗೆ ಸಂಭ್ರಮ. "ಹೋದ ವರ್ಷ ಒಂದೂ ಮುಟ್ಟಿರಲಿಲ್ಲ. ಈಗ ಬುದ್ಧಿ ಬಂತು ನೋಡಿ."

ಮಂಜುಗಡ್ಡೆ ಲಾರಿಯ ಮರೆಗೆ ಹೋಗಿ ಮೇಷ್ಟ್ರು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತುರುಕಿಕೊಂಡರು. ಹೊಟ್ಟೆಗೆ ನಾಲ್ಕು, ಬೆನ್ನಿಗೆ ಎರಡು, ಪಕ್ಕೆಗಳಿಗೆ ಒಂದೊಂದು. ಪ್ರತಿಯೊಂದೂ ಒಳಗಿಳಿಯುವಾಗ ಅವರು ಬಿಸಿ ತವೆ ಮುಟ್ಟಿದವರಂತೆ ಹಾರಿದರು. ಪ್ಯಾಕೆಟ್ಟುಗಳು ಮಂಜುಗಡ್ಡೆಯಲ್ಲಿ ಇಟ್ಟಿದ್ದವು. ಓಡಲು ಶುರು ಮಾಡಿದಾಗ ಹೊಟ್ಟೆ ಎಡಕ್ಕೆ, ಬೆನ್ನು ಬಲಕ್ಕೆ, ತಾವು ನಡುವೆ ಎಂಬಂತಾಯಿತು. ಒಂದು ಪ್ಯಾಕೆಟ್ ಪಕ್ಕೆಯಿಂದ ಜಾರಿ ಸೊಂಟದ ಕೆಳಗೆ ಹೋಗಿ ಕುಳಿತಾಗ ತುಂಬು ಬಸುರಿಯ ನಡಿಗೆ ತಾನಾಗಿಯೇ ಬಂತು.

ತಕ್ಕಡಿಯ ಬಳಿ ನಿದಿಯಾ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ರುಪೆರ್ತೊ.

"ಏನ್ರೀ, ಯಾಕೆ ಹೀಗೆ ಊದ್ಕೊಂಡಿದ್ದೀರಾ?"

"ಗಾಳಿ," ಎಂದರು ಮೇಷ್ಟ್ರು. "ಅಂಗಿಯೊಳಗೆ ಗಾಳಿ ತುಂಬಿದೆ."

"ಬನ್ನಿ ಮೇಷ್ಟ್ರೇ, ಬನ್ನಿ, ಹೆದರ್ಬೇಡಿ," ಎಂದು ಎರ್ಮಿಲೊ ಕೈಹಿಡಿದು ಹಲಗೆಯ ಮೇಲೆ ಹತ್ತಿಸಿದ. ಕಣ್ಣು ಮಿಟುಕಿಸಿ ಪಕ್ಕದಲ್ಲೇ ಒತ್ತಿಕೊಂಡು ನಿಂತ. ಪಾಪ, ತನಗಿಂತ ಇವನಿಗೇ ಹೆಚ್ಚು ಗಾಬರಿ ಎಂದುಕೊಂಡರು ಮೇಷ್ಟ್ರು. ಮುಳ್ಳು ತೂಗಾಡಿ ನಿಂತಿತು.

ಎಪ್ಪತ್ತನಾಲ್ಕು ಕಿಲೋ ಇನ್ನೂರು ಗ್ರಾಂ.

ಮೇಷ್ಟ್ರು ಬಗ್ಗಿ ನೋಡಿದರು. ಕಣ್ಣುಜ್ಜಿಕೊಂಡು ನೋಡಿದರು. ಎಪ್ಪತ್ತೊಂದು ನಾನೂರು ಇರಬೇಕಾಗಿತ್ತು. ಎರಡು ಕಿಲೋ ಎಂಟುನೂರು ಗ್ರಾಂ ಹೆಚ್ಚಿಗೆ! ಭಯಕ್ಕಿಂತ ಮೊದಲು ಅವರಿಗಾದದ್ದು ಅಚ್ಚರಿ. ವಸ್ತು ಶೂನ್ಯದಿಂದ ಹುಟ್ಟುವುದಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?

"ಎರಡು ಎಂಟುನೂರು," ಎಂದು ಅವರು ಗೊಣಗಿದರು. "ಎಂಟೂ ಸೇರಿ ಎರಡು. ಅದರ ಮೇಲೆ ಎರಡು ಎಂಟುನೂರು ಎಲ್ಲಿಂದ?"

ಮಾರಿಬೆಲ್ ಮುಂಗೈಯ ಶಾಯಿ ನೋಡಿದಳು, ಮುಳ್ಳು ನೋಡಿದಳು, ಅವರ ಹೊಟ್ಟೆ ನೋಡಿದಳು. ಅವಳ ಮುಖ ಗಂಭೀರವಾಯಿತು.

"ಮೇಷ್ಟ್ರೇ, ಎಷ್ಟು ನೀರು ಕುಡಿದ್ರಿ?"

"ಲೆಕ್ಕದಷ್ಟು."

"ಲೆಕ್ಕದಷ್ಟು ಕುಡಿದವ್ರು ಸ್ಪರ್ಧೆ ಮಧ್ಯದಲ್ಲಿ ಸುಮಾರು ಎರಡು ಕಿಲೋ ಏರ್ತಾರಾ? ಬೆಳಗ್ಗೆ ಹೇಳ್ಲಿಲ್ವಾ ನಾನು, ತೂಕ ಏರಿದ್ರೂ ನಿಲ್ಲಿಸ್ತೀನಿ ಅಂತ? ನೀರು ಕಮ್ಮಿಯಾದ್ರೆ ಬೀಳ್ತೀರಿ. ಅತಿಯಾದ್ರೆ ರಕ್ತದ ಉಪ್ಪು ತೆಳ್ಳಗಾಗಿ ಮಿದುಳೇ ಊದ್ಕೊಳ್ಳತ್ತೆ. ಅದು ಇನ್ನೂ ಕೆಟ್ಟದ್ದು. ನಡಿಗೆ ತೂರಾಡ್ತಿದೆ. ಮೈ ಬಾತಿದೆ. ಮಾತು ತೊದಲ್ತಿದೆ. ಒಂದೊಂದೂ ಅದೇ ಲಕ್ಷಣ."

"ಮಾತು ತೊದಲ್ತಿಲ್ಲಮ್ಮ, ನಾನು ಲೆಕ್ಕ ಕೂಡ್ತಿದ್ದೀನಿ!"

"ನೋಡಿ, ಮನಸ್ಸೂ ಸ್ಥಿಮಿತದಲ್ಲಿಲ್ಲ." ಅವಳು ಡೇರೆಯ ಕಡೆ ಕೈ ತೋರಿಸಿದಳು. "ತಕ್ಕಡಿ ಸುಳ್ಳು ಹೇಳಲ್ಲ ಅಂತ ಕಲಿಸಿದವ್ರು ನೀವೇ. ಮಲಗಿ. ಒಂದು ಹನಿ ನೀರು ಕೊಡ್ಬೇಡಿ ಇವ್ರಿಗೆ."

ಮೇಷ್ಟ್ರು ಡೇರೆಯ ಮಂಚದ ಮೇಲೆ ಕೈಕಟ್ಟಿಕೊಂಡು ಮಲಗಿದರು. ಕೈ ಬಿಟ್ಟರೆ ಪ್ಯಾಕೆಟ್ಟುಗಳು ಜಾರುತ್ತಿದ್ದವು. ನರ್ಸು ಉಪ್ಪಿನ ಬಿಸ್ಕತ್ತು ತಂದು ಬಾಯಿಗಿಟ್ಟಳು. ಅದನ್ನು ಅಗಿದ ಮೇಲೆ ಆ ದಿನದ ನಿಜವಾದ ಬಾಯಾರಿಕೆ ಎದ್ದಿತು. ಗಂಟಲು ಮರಳುಕಾಗದವಾಯಿತು. ತಣ್ಣನೆಯ ಎರಡು ಲೀಟರ್ ನೀರನ್ನು ಎದೆಗವಚಿಕೊಂಡು ನೀರಿಲ್ಲದೆ ಒದ್ದಾಡಿದ ಮನುಷ್ಯ ಆ ದ್ವೀಪದಲ್ಲಿ ಬೇರೊಬ್ಬನಿರಲಾರ.

ಗಡಿಯಾರ ನೋಡಿದರು. ಇನ್ನೂ ಸಮಯವಿತ್ತು. ಪ್ಯಾಕೆಟ್ಟುಗಳನ್ನು ಬಿಸಾಡಿ ಮತ್ತೆ ತೂಗಿಸಿಕೊಂಡರೆ ಎಪ್ಪತ್ತೆರಡು ಇನ್ನೂರು ಬರುತ್ತದೆ. ಮೊದಲ ಸಲ ಮುಳ್ಳು ಎಲ್ಲೋ ಸಿಕ್ಕಿಕೊಂಡಿತ್ತು ಎಂದರಾಯಿತು.

"ಡಾಕ್ಟ್ರಮ್ಮ, ಶೌಚಕ್ಕೆ ಹೋಗ್ಬೇಕು."

"ಧಾರಾಳವಾಗಿ ಹೋಗಿ! ಅದೇ ಬೇಕಾಗಿರೋದು."

ಪ್ಲಾಸ್ಟಿಕ್ ಗೂಡಿನಂಥ ಶೌಚಾಲಯದೊಳಗೆ ಮೇಷ್ಟ್ರು ಎಂಟು ಪ್ಯಾಕೆಟ್ಟುಗಳನ್ನು ಹೊರತೆಗೆದರು. ಮೊದಲನೆಯದರ ಮೂಲೆಯನ್ನು ಹಲ್ಲಿನ ನಡುವೆ ಇಟ್ಟವರು ಮತ್ತೆ ನಿಂತರು. ಕುಡಿಯುವಂತಿಲ್ಲ. ಅಂಗಿಯೊಳಗಿನ ಕಾಲು ಕಿಲೋಗೂ ಹೊಟ್ಟೆಯೊಳಗಿನ ಕಾಲು ಕಿಲೋಗೂ ತಕ್ಕಡಿ ಭೇದ ಮಾಡುವುದಿಲ್ಲ. ಇದನ್ನು ಅವರು ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದರು. ಕಣ್ಣುಮುಚ್ಚಿ ಒಂದೊಂದನ್ನೇ ಹರಿದು ಗುಂಡಿಗೆ ಸುರಿದರು. ಗಟಗಟ ಎಂಬ ಆ ಸದ್ದು ಮುಗಿಯುವವರೆಗೆ ಕಣ್ಣು ತೆರೆಯಲಿಲ್ಲ.

ಐದು ನಿಮಿಷದಲ್ಲಿ ಅವರು ಪಾರಿವಾಳದಂತೆ ಹಗುರಾಗಿ ಹೊರಬಂದರು. ಎರ್ಮಿಲೊ ಹಂದಿಮಾಂಸದ ರೊಟ್ಟಿ ತಿನ್ನಲು ಅತ್ತ ಹೋಗಿದ್ದ. ಮಾರಿಬೆಲ್ ತಾನೇ ನಿಂತು ತೂಗಿದಳು.

ಎಪ್ಪತ್ತೊಂದು ಕಿಲೋ ಮುನ್ನೂರು ಗ್ರಾಂ.

ಮೇಷ್ಟ್ರು ತಕ್ಕಡಿಯ ಮೇಲೇ ನಿಂತು ಯೋಚಿಸಿದರು. ಮೈಮೇಲೆ ಈಗ ಏನೂ ಇಲ್ಲ. ಹಾಗಾದರೆ ಇದೇ ತಮ್ಮ ನಿಜವಾದ ತೂಕ. ಬೆಳಗ್ಗೆಯಿಂದ ಇಳಿದಿರುವುದು ಮೂರು ಕಿಲೋ ಅಲ್ಲ, ಬರೀ ಒಂದು ಕಿಲೋ ನೂರು ಗ್ರಾಂ! ಮಾರಿಬೆಲ್ ಬಿಡುವುದರ ಅರ್ಧ. ಏನೂ ತುರುಕಿಕೊಳ್ಳದೆ, ಏನೂ ಮುಚ್ಚಿಕೊಳ್ಳದೆ ಬಂದಿದ್ದರೆ ಇಷ್ಟು ಹೊತ್ತಿಗೆ ಮೂರನೇ ಸುತ್ತಿನ ಅರ್ಧದಲ್ಲಿರುತ್ತಿದ್ದರು. ಹೇಗಾಯಿತು ಇದು? ತಲೆಯೆತ್ತಿದರು. ತೆಂಗಿನ ಗರಿಗಳೆಲ್ಲ ದಕ್ಷಿಣಕ್ಕೆ ಬಾಗಿ ನಿಂತಿದ್ದವು, ಮೋಡ ದಟ್ಟವಾಗಿತ್ತು. ಆಗಸ್ಟಿನ ಬೆವರನ್ನು ನವೆಂಬರಿನ ತಂಗಾಳಿಯಲ್ಲಿ ಲೆಕ್ಕ ಹಾಕಿದ್ದರು ಅವರು. ದಿನವಿಡೀ ಬೈದುಕೊಂಡ ಆ ಗಾಳಿಯೇ ಬೆವರನ್ನು ಉಳಿಸಿತ್ತು. ಮಿಕ್ಕದ್ದನ್ನು ಅಜ್ಜಿಯ ಎರಡು ಲೋಟ ತುಂಬಿಸಿದ್ದವು.

ಆದರೂ ಲೆಕ್ಕ ಸರಿಹೋಗಲಿಲ್ಲ. ಎಪ್ಪತ್ತೊಂದು ಮುನ್ನೂರಕ್ಕೆ ಎರಡು ಕಿಲೋ ಸೇರಿದರೆ ಎಪ್ಪತ್ತಮೂರು ಮುನ್ನೂರು. ಆಗ ಮುಳ್ಳು ತೋರಿಸಿದ್ದು ಎಪ್ಪತ್ತನಾಲ್ಕು ಇನ್ನೂರು. ಆ ಒಂಬೈನೂರು ಗ್ರಾಂ ಯಾರದು?

"ನಾನು ಹೊರಡ್ಲಾ?" ಎಂದರು ಮೇಷ್ಟ್ರು. "ಈಗ ಸರಿಯಾಗಿದೆಯಲ್ಲ. ಆಗ ಮುಳ್ಳು ಸಿಕ್ಕಿಕೊಂಡಿತ್ತು ಅಂತ ಕಾಣತ್ತೆ."

ಮಾರಿಬೆಲ್ ಬಿಳಿಚಿಕೊಂಡಿದ್ದಳು. ಪಕ್ಕದಲ್ಲಿದ್ದ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಎತ್ತಿಸಿ ತಕ್ಕಡಿಯ ಮೇಲಿಡಿಸಿದಳು. ಇಪ್ಪತ್ತು ಕಿಲೋ, ಮೇಲೆ ಕ್ಯಾನಿನ ತೂಕ. ಮುಳ್ಳಿನಲ್ಲಿ ಯಾವ ದೋಷವೂ ಇರಲಿಲ್ಲ.

"ಐದು ನಿಮಿಷದಲ್ಲಿ ಎರಡು ಕಿಲೋ ಒಂಬೈನೂರು!" ಎಂದಳು ಅವಳು. "ಮೇಷ್ಟ್ರೇ, ಯಾವ ಮನುಷ್ಯನ ಮೂತ್ರಪಿಂಡಕ್ಕೂ ಈ ಕೆಲಸ ಸಾಧ್ಯ ಇಲ್ಲ. ಒಳಗೆ ಏನೋ ಒಡೆದುಹೋಗಿದೆ. ಆಂಬುಲೆನ್ಸ್ ಕರೀರಿ! ಕೂಡ್ಲೇ ಗ್ಲೂಕೋಸ್ ಹಾಕ್ಬೇಕು!"

"ಅಲ್ಲಮ್ಮ ಮಾರಿಬೆಲ್, ನಾನು ವಿವರ್ಸ್ತೀನಿ..."

ವಿವರಿಸಲು ಬಾಯಿ ತೆರೆದ ಮೇಷ್ಟ್ರು ಸುತ್ತ ನೋಡಿದರು. ನಿದಿಯಾ ಎದ್ದು ನಿಂತಿದ್ದಳು. ನೀರು ಹಂಚಿದ ಹೆಂಗಸರು ಬಂದಿದ್ದರು, ಜೊತೆಗೆ ಅವರ ಶಾಲೆಯ ಮಕ್ಕಳು. ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದ ಮೇಷ್ಟ್ರು ಅಂಗಿಯೊಳಗೆ ನೀರು ಬಚ್ಚಿಟ್ಟುಕೊಂಡು ಅದೇ ತಕ್ಕಡಿ ಹತ್ತಿದ್ದರೆಂದು ಈ ಎಲ್ಲರ ಮುಂದೆ ಹೇಗೆ ಹೇಳುವುದು? ಹೇಳಿದರೂ ಸ್ಪರ್ಧೆಯಿಂದ ಹೊರಗೆ, ಹೇಳದಿದ್ದರೂ ಹೊರಗೆ. ಒಣಮೀನು ಎಂಬ ಹೆಸರಾದರೂ ಇರಲಿ, ಅದಕ್ಕಿಂತ ಕೆಟ್ಟದ್ದು ಬೇಡ. ಬಾಯಿ ಮುಚ್ಚಿ ಮಂಚದ ಮೇಲೆ ಮಲಗಿದರು.

ಆಂಬುಲೆನ್ಸಿನ ಬಾಗಿಲು ಮುಚ್ಚುವಾಗ ಅವರಿಗೆ ಕೊನೆಯದಾಗಿ ಕಂಡದ್ದು, ಸೈಕಲ್ಲಿನ ಹಿಂದಿನ ಚಕ್ರದ ಮುಂದೆ ಅಳತೆಪಟ್ಟಿ ಬಿಚ್ಚಿ ಮೊಣಕಾಲೂರಿ ಕುಳಿತಿದ್ದ ರುಪೆರ್ತೊ.

ಆಸ್ಪತ್ರೆಯಲ್ಲಿ ಅರ್ಧರ್ಧ ಲೀಟರಿನ ಎರಡು ಬಾಟಲಿ ಕೈಗೆ ಏರಿಸಿದರು. ಎರಡನೆಯದು ಮುಗಿಯುತ್ತ ಬಂದಾಗ ಎರ್ಮಿಲೊ ಬಂದ. ಟೋಪಿ ಕೈಯಲ್ಲಿ ಹಿಡಿದು ಮಂಚದ ಬಳಿ ನಿಂತ.

"ಮೇಷ್ಟ್ರೇ, ಹೇಳ್ದೇ ಇರೋಕಾಗ್ತಿಲ್ಲ. ಬೈಬೇಡಿ."

"ಏನು?"

"ನಿಮ್ಮನ್ನ ನೋಡಿದ್ರೆ ಪಾಪ ಅನ್ನಿಸ್ತು. ಈ ಸಲಾನೂ ಒಣಗಿ ಬಂದಿರ್ತೀರಿ, ಮುಳ್ಳು ಕೆಳಗಿಳಿಯತ್ತೆ, ಸೈಕಲ್ಲು ಹೋಗತ್ತೆ ಅಂತ..." ಅವನು ತನ್ನ ಬಲಗಾಲನ್ನು ಸ್ವಲ್ಪ ಮುಂದೆ ಚಾಚಿದ. ಮೀನಿನ ಪೊರೆ ಅಂಟಿದ ಹಳೆಯ ರಬ್ಬರ್ ಚಪ್ಪಲಿ. "ಹಲಗೆ ಅಂಚಿನ ಮೇಲೆ ಹೀಗೆ ಮೆಲ್ಲಗೆ ತುದಿಗಾಲು ಇಟ್ಟೆ. ಬೆಳಗ್ಗೆ ಇಟ್ಟಿರಲಿಲ್ಲ, ದೇವರಾಣೆ. ಬೆಳಗ್ಗೆ ಬೇಕಾಗಿರಲಿಲ್ಲ."

ಮೇಷ್ಟ್ರು ದಿಂಬಿನಿಂದ ತಲೆಯೆತ್ತಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಬಿಡಿಸದ ಲೆಕ್ಕಕ್ಕೆ ಉತ್ತರ ಸಿಗುವಾಗಿನ ಹೊಳಪಿತ್ತು.

"ಎಷ್ಟು ಒತ್ತಿದೆ?"

"ಯಾವಾಗ್ಲೂ ಒತ್ತೋವಷ್ಟೇ. ಒಂಬೈನೂರು. ಮೂವತ್ತು ವರ್ಷದಿಂದ ಅದರಲ್ಲಿ ಹತ್ತು ಗ್ರಾಂ ಆಚೆ ಈಚೆ ಆಗಿಲ್ಲ."

"ಸರಿಯಾಯ್ತು," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟು ಮತ್ತೆ ಮಲಗಿದರು. "ಈಗ ಲೆಕ್ಕ ಸರಿಯಾಯ್ತು."

ಸ್ವಲ್ಪ ಹೊತ್ತಿಗೆ ನಿದಿಯಾ ಬಂದಳು. ಹಿಂದೆಯೇ ಕಾಂದೆಲಾರಿಯಾ ಅಜ್ಜಿ, ಕೈಯಲ್ಲಿ ಫ್ಲಾಸ್ಕು. ಅಜ್ಜಿ ಅದರ ಮುಚ್ಚಳಕ್ಕೆ ಪಾನಕ ಬಗ್ಗಿಸಿ ಮೇಷ್ಟ್ರ ಮೂಗಿನ ಕೆಳಗೆ ಹಿಡಿದಳು. ಬೇಡವೆನ್ನುವ ಧೈರ್ಯ ಅವರಿಗೆ ಆಸ್ಪತ್ರೆಯಲ್ಲೂ ಬರಲಿಲ್ಲ.

"ನನ್ನ ಕುಂಡಗಳು ಉಳ್ಕೊಂಡ್ವು," ಎಂದಳು ಅಜ್ಜಿ ತೃಪ್ತಿಯಿಂದ. "ಹೋದ ವರ್ಷಕ್ಕಿಂತ ವಾಸಿ."

"ಅಮ್ಮ ಸಂಜೆ ದೋಣಿಗೆ ಬಂದ್ರು," ಎಂದಳು ನಿದಿಯಾ. "ಜೋಲಿ ಕಟ್ಟಾಯ್ತು. ಎಷ್ಟು ದಿನ ಇರ್ತೀರಾ ಅಂತ ಕೇಳಿದೆ. ಕೊಕ್ಕೆ ಗಟ್ಟಿಯಾಗಿದೆ, ನೋಡೋಣ ಅಂದ್ರು." ಗಂಡನ ಕೆದರಿದ ಕೂದಲನ್ನು ಸರಿಮಾಡಿದಳು. "ರುಪೆರ್ತೊ ನಿಮಗೆ ದಿನಾ ಎರಡು ಚೀಸಿನ ಸುರುಳಿ ಬಿಟ್ಟಿ ಕೊಡ್ತಾನಂತೆ. ಅವ್ನೂ ಪಾಪದವನೇ."

ಕೈಯಿಂದ ಸೂಜಿ ತೆಗೆದ ನರ್ಸು ಬಾಗಿಲ ಪಕ್ಕದ ತೂಕದ ಯಂತ್ರ ತೋರಿಸಿದಳು.

"ಮನೆಗೆ ಹೋಗೋಕೆ ಮುಂಚೆ ಒಂದ್ಸಲ ತೂಕ ನೋಡ್ಬೇಕು, ಸರ್. ನೀವು ಬೆಳಗ್ಗೆ ಹಾಕ್ಕೊಂಡಿದ್ದ ಬಟ್ಟೆಯಲ್ಲೇ ಇದ್ದೀರಲ್ಲ, ಹತ್ತಿ."

ಮೇಷ್ಟ್ರು ಯಂತ್ರದ ಮುಂದೆ ಬಂದು ನಿಂತರು. ಹತ್ತುವ ಮೊದಲು ಹಿಂತಿರುಗಿ ನೋಡಿದರು.

"ಎರ್ಮಿಲೊ, ನೀನು ಆ ಗೋಡೆಗೆ ಒರಗಿ ನಿಂತ್ಕೋ. ಎರಡೂ ಕಾಲು ನನಗೆ ಕಾಣೋ ಹಾಗೆ."

ಎರ್ಮಿಲೊ ಗೋಡೆಗೆ ಒರಗಿ ನಿಂತ. ಮೇಷ್ಟ್ರು ಉಸಿರು ಬಿಗಿಹಿಡಿದು ಹತ್ತಿದರು. ಅಂಕಿಗಳು ಒಂದಿಷ್ಟು ಓಡಾಡಿ, ಮುಂಗೈಯಲ್ಲಿ ಇನ್ನೂ ಅಳಿಯದ ಶಾಯಿಯನ್ನು ಓದಿಕೊಂಡವರಂತೆ ನಿಂತವು.

ಎಪ್ಪತ್ತೆರಡು ಕಿಲೋ ನಾನೂರು ಗ್ರಾಂ.